ಎರಡು ನಿಮಿಷದ ಭಾಷಣ

ನನ್ನ ಸೋದರಮಾವ ಅಷ್ಟು ಎತ್ತರಕ್ಕೆ ಏರಿದ್ದು ಮೇಲಿನವರು ಕರೆದದ್ದರಿಂದಲ್ಲ, ಕೆಳಗಿನವರು ಸಾಗಹಾಕಿದ್ದರಿಂದ. ಮಾತಿಗೆ ಎದ್ದರೆ ಅವರು ಕೂರುತ್ತಿರಲಿಲ್ಲ. ಇಂಥವರನ್ನು ಯಾವ ಊರು ತಾನೇ ಎಷ್ಟು ದಿನ ಇಟ್ಟುಕೊಂಡೀತು?

ಮೂವತ್ತರ ದಶಕದಲ್ಲಿ ಅವರು ಹೊನ್ನಾಳಿಯಲ್ಲಿ ಊರಿನ ಕಮಿಟಿಯ ಮೆಂಬರು. ಪೇಟೆ ಬೀದಿಯ ಚರಂಡಿಗೆ ಕಲ್ಲು ಹಾಸಬೇಕೇ ಬೇಡವೇ ಎಂಬ ಪ್ರಶ್ನೆ ಬಂತು. ಮಾವ ಎದ್ದು ನಿಂತು ವಿಜಯನಗರದ ಅರಸರ ಕಾಲುವೆಗಳಿಂದ ಶುರುಮಾಡಿದರು. ಮೂರು ಸಭೆ ಕಳೆದರೂ ಅವರಿನ್ನೂ ಹಂಪೆಯಲ್ಲೇ ಇದ್ದರು. ಕಡೆಗೆ ಉಳಿದ ಮೆಂಬರುಗಳೆಲ್ಲ ಒಟ್ಟಾಗಿ, ಮೈಸೂರಿನ ದೊಡ್ಡ ಸಭೆಯ ಚುನಾವಣೆಗೆ ಅವರನ್ನು ನಿಲ್ಲಿಸಿ, ಚನ್ನಗಿರಿಯ ಹಳ್ಳಿ ಹಳ್ಳಿ ಸುತ್ತಿ ವೋಟು ಕೇಳಿದರು. ವಿರೋಧಿಗಳೇ ಇಷ್ಟು ಪ್ರಾಮಾಣಿಕವಾಗಿ ದುಡಿದ ಚುನಾವಣೆ ಇನ್ನೊಂದಿರಲಿಕ್ಕಿಲ್ಲ! ಮಾವ ಗೆದ್ದು ರೈಲು ಹತ್ತಿದ ತಿಂಗಳೊಳಗೆ ಚರಂಡಿ ಮುಗಿಯಿತು.

ಮೈಸೂರಿನವರೂ ಮನುಷ್ಯರೇ ಅಲ್ಲವೆ? ಎಂಟು-ಹತ್ತು ವರ್ಷ ತಾಳಿಕೊಂಡು, ಸ್ವಾತಂತ್ರ್ಯ ಬಂದ ಹೊಸತರಲ್ಲಿ ಸಂಸ್ಥಾನದ ಪರವಾಗಿ ದಿಲ್ಲಿಗೆ ಕಳಿಸಿದರು. ದಿಲ್ಲಿಯವರಿಗೆ ತಾಳ್ಮೆ ಇನ್ನೂ ಕಡಿಮೆ. ವರ್ಷ ತುಂಬುವಷ್ಟರಲ್ಲಿ, ಯುದ್ಧದಿಂದ ಹಸಿದ ದೇಶಗಳಿಗೆ ಕಾಳುಕಡಿ ಹಂಚುವ ಅಂತರರಾಷ್ಟ್ರೀಯ ಸಮಿತಿಯೊಂದರ ಸದಸ್ಯರನ್ನಾಗಿ ಮಾಡಿ ಯುರೋಪಿಗೇ ದಾಟಿಸಿಬಿಟ್ಟರು. ಅದರಾಚೆ ಕಳಿಸಲು ಜಾಗವಿರಲಿಲ್ಲ.

ಹೊರಡುವ ಮುನ್ನ ನ್ಯಾಮತಿಯ ದರ್ಜಿ ಸಾಬರು ಕೋಟು ಹೊಲಿದರು. ಅಲ್ಲಿ ಚಳಿ ಎಷ್ಟು ಎಂದು ಅವರು ಕೇಳಿದ್ದೇ ತಪ್ಪಾಯಿತು; ಮಾವ ಅರ್ಧ ದಿನ ಚಳಿಯನ್ನು ವರ್ಣಿಸಿದರು. ಹೆದರಿದ ಸಾಬರು ಒಳಗೆ ಇಡೀ ಕಂಬಳಿಯನ್ನೇ ಸೇರಿಸಿ ಹೊಲಿದರು. ತೊಟ್ಟ ಮೇಲೆ ಮಾವನ ಕೈ ಕೆಳಗಿಳಿಯಲಿಲ್ಲ.

"ಇರ್ಲಿ ಬಿಡ್ರಿ ಸಾಬ್ರೆ, ಭಾಷಣ ಮಾಡಾಕೆ ಕೈ ಮೇಲೇ ಇರ್ಬೇಕು," ಎಂದು ಮಾವ ಅದರಲ್ಲೇ ಹೊರಟರು.

ಮುಂದಿನ ಸುದ್ದಿ ಪತ್ರಿಕೆಯಲ್ಲಿ ಬಂತು: ಸಮಿತಿಯಲ್ಲಿ ಮಾವ ಎರಡು ನಿಮಿಷ ಮಾತಾಡಿದರಂತೆ. ಹೊನ್ನಾಳಿಯಲ್ಲಿ ಯಾರೂ ನಂಬಲಿಲ್ಲ. ಎರಡು ದಿನ ಎಂದಿರಬೇಕು, ಅಚ್ಚಿನ ತಪ್ಪು ಎಂದರು.

ವಾಪಸಾದ ಮಾವ ನೇರವಾಗಿ ಜಗಳೂರಿನ ನಮ್ಮ ಮನೆಗೆ ಬಂದರು. ತಂದೆತಾಯಿ ಇಲ್ಲದ ಅವರನ್ನು ಸಾಕಿದವಳು ಅವರ ಅಕ್ಕ, ಅಂದರೆ ನಮ್ಮವ್ವ. ಅವ್ವ ರೊಟ್ಟಿ ಬಡಿಯುತ್ತಾ, "ಎರಡೇ ನಿಮಿಷಕ್ಕೆ ಯಾಕೋ ಕುಂತೆ? ಮೈಯಾಗೆ ಹುಷಾರಿರ್ಲಿಲ್ವೇನು?" ಎಂದು ಕೇಳಿದಳು.

ಮಾವ ಒಲೆಯ ಹತ್ತಿರ ಸರಿದು ಕೂತು ಹೇಳಿದರು. ಸಭೆಯ ಹಿಂದಿನ ದಿನ ಸಮಿತಿಯವರನ್ನು ಬಾಂಬು ಬಿದ್ದ ಊರೊಂದಕ್ಕೆ ಕರೆದೊಯ್ದಿದ್ದರಂತೆ. ಅಲ್ಲೊಬ್ಬ ಹೆಣ್ಣುಮಗಳು ಒಂದೇ ತುಂಡು ಬ್ರೆಡ್ಡನ್ನು ಮೂರು ಮಕ್ಕಳಿಗೆ ಹರಿದು ಕೊಟ್ಟಳಂತೆ. ನಿನಗೆಲ್ಲಿ ಎಂದು ಇವರು ಕೈಸನ್ನೆಯಲ್ಲಿ ಕೇಳಿದರೆ, ಹೊಟ್ಟೆ ಸವರಿಕೊಂಡು, ತನ್ನದು ಆಯಿತು ಎಂಬಂತೆ ನಕ್ಕಳಂತೆ.

"ನೀನೂ ಹಂಗೇ ನಗ್ತಿದ್ದೆ ಅಕ್ಕ," ಎಂದರು ಮಾವ. "ನಂದು ಉಂಡಿದ್ದಾಗೈತೆ ಅಂತಿದ್ದೆ. ನಂಗೆ ಗೊತ್ತಿತ್ತು. ಗೊತ್ತಿದ್ರೂ ನಿನ್ನ ಪಾಲು ತಿಂದೆ. ಮಾರನೇ ದಿನ ಸಭೇಲಿ ಎದ್ದು ನಿಂತ್ರೆ ನಿನ್ನ ಆ ನಗುನೇ ಕಣ್ಮುಂದೆ ಬಂತು. ತಾಯಂದಿರ ಪಾಲು ಬೇರೆ ಬರೀರಿ, ಮಕ್ಕಳ ಪಾಲಿನಾಗೆ ಸೇರಿಸ್ಬ್ಯಾಡ್ರಿ ಅಂದೆ, ಕುಂತೆ. ಬರ್ಕೊಂಡ್ರು."

ಅವ್ವ ತಲೆ ಎತ್ತಲಿಲ್ಲ. ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಿ ಅವರ ಮುಂದೆ ತಳ್ಳಿದಳು. ಮಾವ ಅದನ್ನು ಎರಡು ಮಾಡಿ, ಒಂದನ್ನು ಅವಳ ಕೈಗಿಟ್ಟು, ಅವಳು ತಿಂದು ಮುಗಿಸುವ ತನಕ ತಮ್ಮದನ್ನು ಮುಟ್ಟದೆ ಕೂತರು.