ಹೆಂಡತಿಗೆ ಸಮುದ್ರದ ಪಾಚಿ ತಿನ್ನಿಸಿದ್ದು

ನಾರಾಯಣಖೇಡದ ಮಾರುಕಟ್ಟೆ ರಸ್ತೆಯಲ್ಲಿ ನನ್ನದೊಂದು ಬೀಜ, ಗೊಬ್ಬರ, ಔಷಧದ ಅಂಗಡಿ ಇದೆ. ಔಷಧವೆಂದರೆ ಬೆಳೆಗೆ ಹೊಡೆಯುವ ಔಷಧ. ಇಪ್ಪತ್ತೆರಡು ವರ್ಷಗಳಿಂದ ತೊಗರಿ, ಹತ್ತಿ, ಹೆಸರು, ಉದ್ದು ಎಂಬ ನಾಲ್ಕು ಬಗೆಯ ರೋಗಿಗಳನ್ನು ನೋಡಿಕೊಂಡು ಬಂದಿದ್ದೇನೆ. ರೈತರು ಬಾಡಿದ ಟೊಂಗೆ ತಂದು ನನ್ನ ಮುಂದಿಡುತ್ತಾರೆ. ನಾನು ಕನ್ನಡಕ ಏರಿಸಿ, ಎಲೆಯನ್ನು ಬೆಳಕಿಗೆ ಹಿಡಿದು, ನರಗಳ ನಡುವೆ ಹಳದಿಯಾಗಿದ್ದರೆ ಮೆಗ್ನೀಶಿಯಂ, ಎಲೆ ಸಣ್ಣಗಾಗಿದ್ದರೆ ಝಿಂಕ್, ಹೂವು ಉದುರುತ್ತಿದ್ದರೆ ಬೋರಾನ್ ಎಂದು ತೀರ್ಪು ಕೊಡುತ್ತೇನೆ. ಕೆಲವರು ನನ್ನನ್ನು ಡಾಕ್ಟರ್ ಸಾಬ್ ಎಂದು ಕರೆಯುತ್ತಾರೆ. ಮೊದಮೊದಲು ನಗುತ್ತಿದ್ದೆ. ಆಮೇಲೆ ನಗುವುದನ್ನು ಬಿಟ್ಟೆ.

ಇಂಥ ಡಾಕ್ಟರ್ ಸಾಹೇಬರ ಹೆಂಡತಿ ಸುವರ್ಣಾಗೆ ಯುಗಾದಿ ಮುಗಿದ ವಾರ ಕೈಗಳು ನಡುಗತೊಡಗಿದವು. ಚಹಾ ತಂದಿಟ್ಟರೆ ಕಪ್ಪು ಬಸಿಯ ಮೇಲೆ ಟಕಟಕ ಎನ್ನುತ್ತಿತ್ತು.

“ಏನ್ರಿ, ಸುಮ್ಮ ಕುಂತ್ರೂ ಎದಿ ಧಡಧಡ ಅಂತದ,” ಎಂದಳು. “ಏನೋ ಆಗ್ತದ ಅಂತ ಒಂದೇ ಹೆದರಿಕಿ.”

“ಯಾತರ ಹೆದರಿಕಿ?”

“ಗೊತ್ತಿಲ್ಲರಿ. ಗೊತ್ತಿದ್ರ ಇಷ್ಟ್ ಹೆದರ್ತಿದ್ದಿಲ್ಲ. ಝಹೀರಾಬಾದಿಗಿ ಹೋಗಿ ಒಂದ್ ಸಲ ದವಾಖಾನ್ಯಾಗ ತೋರಿಸ್ಕೊಂಡು ಬರಣ.”

“ಟೆನ್ಶನ್ ಅದ, ಅಷ್ಟೇ. ಅದಕ್ಕೇನು ದವಾಖಾನಿ? ನಾ ನೋಡ್ತೀನಿ ಬಿಡು.”

ನಾಲ್ಕು ತಿಂಗಳು ನೋಡಿದೆ. ನೋಡಿ ನೋಡಿ ಅವಳ ಜೀವವನ್ನು ಬಾಯಿಗೆ ತಂದೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ.

ಮೊದಲು ಫೋನಿನಲ್ಲಿ ಹುಡುಕಿದೆ. ಆತಂಕಕ್ಕೆ ಏನು ಪರಿಹಾರ ಎಂದು ಕೇಳಿದರೆ ಒಬ್ಬ ದುಂಡುಮುಖದ ಮಹಾಶಯ ಪ್ರತ್ಯಕ್ಷನಾಗಿ, ಇದೆಲ್ಲ ಖನಿಜ ಮತ್ತು ಅಮೈನೋ ಆಮ್ಲಗಳ ಕೊರತೆ ಎಂದ. ಮೆಗ್ನೀಶಿಯಂ ಎಂದ, ಝಿಂಕ್ ಎಂದ, ಅಮೈನೋ ಎಂದ, ಸಮುದ್ರದ ಪಾಚಿ ಎಂದ. ನನಗೆ ರೋಮಾಂಚನವಾಯಿತು. ಅವನು ನನ್ನ ಅಂಗಡಿಯ ಮೂರನೇ ಕಪಾಟನ್ನು ಎಡದಿಂದ ಬಲಕ್ಕೆ ಓದಿ ಹೇಳುತ್ತಿದ್ದ. ಇಷ್ಟು ದಿನ ನಾನು ಮಾರುತ್ತಿದ್ದುದು ಮನುಷ್ಯರ ಶಾಂತಿಯನ್ನೇ ಎಂದು ಆವತ್ತು ತಿಳಿಯಿತು.

ಅಂಗಡಿಯ ಡಬ್ಬಿಯನ್ನೇ ಒಯ್ದು ಹೆಂಡತಿಗೆ ಕುಡಿಸಿದೆನೆಂದು ತಿಳಿಯಬೇಡಿ. ನಾನು ಅಂಥ ದಡ್ಡನಲ್ಲ. ಬೇರೆ ಥರದ ದಡ್ಡ. ಮನುಷ್ಯರು ನುಂಗುವ ಗುಳಿಗೆಗಳನ್ನೇ ಫೋನಿನಿಂದ ತರಿಸಿದೆ. ರೈತರಿಗೆ ಬರೆದುಕೊಡುವ ಸಿಂಪರಣೆಯ ಪಟ್ಟಿಯ ಹಾಗೆಯೇ ಒಂದು ಪಟ್ಟಿ ಬರೆದೆ. ಮೊದಲ ಇಪ್ಪತ್ತು ದಿನ ಮೆಗ್ನೀಶಿಯಂ, ಆಮೇಲೆ ಝಿಂಕ್, ಕೊನೆಗೆ ಅಮೈನೋ ಮತ್ತು ಪಾಚಿ ಕೂಡಿಸಿ. ಒಂದು ಪ್ರತಿ ಅಲಮಾರಿಯ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

“ಇದು ತೊಗರಿಗಿ ಬರದಂಗ ಅದಲ್ರಿ,” ಎಂದಳು ಸುವರ್ಣಾ.

“ಜೀವ ಅಂದ್ರ ಜೀವ. ತೊಗರಿಗೊಂದು, ನಿನಗೊಂದು ಇರ್ತದೇನು?”

ಡಬ್ಬಿಯ ಮೇಲೆ ದಿನಕ್ಕೆ ಒಂದು ಗುಳಿಗೆ ಎಂದಿತ್ತು. ಕಂಪನಿಯವರು ಯಾವಾಗಲೂ ಕಡಿಮೆಯೇ ಬರೆಯುತ್ತಾರೆಂಬುದು ನಮ್ಮ ಕಡೆಯ ರೈತರ ಅಚಲ ನಂಬಿಕೆ. ಲೇಬಲ್ಲಿಗೆ ಎರಡರಷ್ಟು ಹೊಡೆದು ಬರುವ ರೈತರನ್ನು ನಾನು ದಿನಾ ಬೈಯುತ್ತೇನೆ. ಮನೆಗೆ ಬಂದು ನಾನೇ ಮೂರು ಕೊಟ್ಟೆ.

ನಾಲ್ಕನೇ ದಿನ ಅವಳ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ರಾಯಿಕೋಡಿನ ಬಸ್ಸು ಹತ್ತಿದೆವು. ಹೆಚ್ಚು ಮೆಗ್ನೀಶಿಯಂ ಹೊಟ್ಟೆಗೆ ಏನು ಮಾಡುತ್ತದೆಂಬುದನ್ನು ದುಂಡುಮುಖದವನು ಹೇಳಿರಲಿಲ್ಲ. ಬಸ್ಸೇ ಹೇಳಿತು. ಮೂರು ಕಡೆ ನಿಲ್ಲಿಸಬೇಕಾಯಿತು. ಏಪ್ರಿಲ್ ತಿಂಗಳು, ಹೊಲಗಳೆಲ್ಲ ಬೋಳು, ಮರೆಗೆ ಒಂದು ಗಿಡವಿಲ್ಲ. ನಾನು ಛತ್ರಿ ಬಿಚ್ಚಿ ಅಡ್ಡ ಹಿಡಿದು ಬಸ್ಸಿನ ಕಡೆ ಮುಖ ಮಾಡಿ ನಿಂತೆ. ನಲವತ್ತು ಜನ ಕಿಟಕಿಯಿಂದ ನನ್ನನ್ನು ನೋಡಿದರು. ಮೂರನೆಯ ಸಲ ಡ್ರೈವರು ತಾನಾಗಿಯೇ ನಿಲ್ಲಿಸಿ, “ಇಳೀರಿ ಅಕ್ಕಾ, ನಾ ಕಾಯ್ತೀನಿ” ಎಂದ.

ಗೃಹಪ್ರವೇಶದ ಊಟದಲ್ಲಿ ಅವಳು ಹೋಳಿಗೆಯ ವಾಸನೆಗೇ ಗೋಡೆಗೊರಗಿ ಕುಳಿತಳು. “ಮಂದ್ಯಾಗ ಮಾನ ಹೋತು,” ಎಂದಳು, ನನ್ನ ಮುಖ ನೋಡದೆ. ನಾನು ಜೇಬಿನ ಪಟ್ಟಿ ತೆಗೆದು, ಔಷಧ ಒಳಗೆ ಮುಟ್ಟಿದೆ ಎಂದು ಬರೆದುಕೊಂಡೆ.

ಝಿಂಕ್ ಸರದಿ ಬಂತು. ನಮ್ಮ ಮನೆಯಲ್ಲಿ ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವುದಿಲ್ಲ. ಪೂಜೆ ಮುಗಿದ ಕೂಡಲೇ, ಹೊಟ್ಟೆ ಖಾಲಿಯಿದ್ದಾಗಲೇ ನುಂಗಿದರೆ ಬೇರಿಗೆ ಬೇಗ ಇಳಿಯುತ್ತದೆ ಎಂದು ನಾನು ನಿಶ್ಚಯಿಸಿದೆ. ಎಂಟು ದಿನ ಅವಳು ಪೂಜೆಯ ಮಣೆಯಿಂದ ಎದ್ದು ನೇರ ಬಚ್ಚಲಿಗೆ ಓಡಿದಳು. ಒಂಬತ್ತನೆಯ ದಿನ ಗುಳಿಗೆಯನ್ನು ಕೈಯಲ್ಲಿ ಹಿಡಿದುಕೊಂಡು, “ದವಾಖಾನಿಗಿ ಹೋಗಣರಿ,” ಎಂದು ಎರಡನೆಯ ಸಲ ಕೇಳಿದಳು. ನಡುವೆ ಬಿಟ್ಟರೆ ಹಿಂದಿನದೆಲ್ಲ ವ್ಯರ್ಥ ಎಂದೆ. ರೈತರಿಗೆ ಹೇಳುವ ಮಾತು ಅದು, ನಾಲಿಗೆಯ ತುದಿಯಲ್ಲೇ ಇರುತ್ತದೆ.

ಅವಳು ಸೊರಗುತ್ತಿದ್ದಳು. ಬಳೆಗಳು ಮೊಣಕೈತನಕ ಜಾರುತ್ತಿದ್ದವು. ವಿಚಿತ್ರವೆಂದರೆ ನಾಲ್ಕು ರೊಟ್ಟಿ ತಿನ್ನುತ್ತಿದ್ದಳು, ಮೊದಲು ಎರಡು ತಿನ್ನುತ್ತಿದ್ದವಳು. “ಹಸಿವು: ಉತ್ತಮ” ಎಂದು ಬರೆದೆ. ಸೆಖೆ ಸೆಖೆ ಎಂದು ಒದ್ದಾಡುತ್ತಿದ್ದಳು. ಬೇಸಿಗೆಯಲ್ಲಿ ನಾರಾಯಣಖೇಡದಲ್ಲಿ ಸೆಖೆಯಾಗದವರು ಯಾರಿದ್ದಾರೆ? ಅದನ್ನು ಬರೆದುಕೊಳ್ಳಲೇ ಇಲ್ಲ. ಅದೇ ಸುಮಾರಿಗೆ ತೊಗರಿ ಬೀಜ ತರಲು ತಾಂಡೂರಿಗೆ ಹೋದವನು ಅಲ್ಲಿಯ ಇಬ್ಬರು ವ್ಯಾಪಾರಿಗಳಿಗೆ ನನ್ನ ಪಟ್ಟಿಯ ನಕಲು ಬರೆದುಕೊಟ್ಟು ಬಂದೆ. ಅವರು ಕೇಳಿರಲಿಲ್ಲ.

ಮೃಗಶಿರಾ ಮಳೆಯ ಹೊತ್ತಿಗೆ ನಾಗಲಗಿದ್ದ ಊರಿನ ಮಾಣಿಕಪ್ಪ ಬೀಜಕ್ಕೆ ಬಂದ. ನನ್ನ ಹಳೆಯ ಗಿರಾಕಿ. ಬುತ್ತಿ ಕೊಡಲು ಬಂದಿದ್ದ ಸುವರ್ಣಾಳನ್ನು ನೋಡಿ ಅವಳು ಹೋದ ಮೇಲೆ ಬಾಯಿಬಿಟ್ಟ.

“ಅಕ್ಕಾವರು ಭಾಳ ಸೊರಗ್ಯಾರಲ್ರಿ, ಸಾವಕಾರ್ರ.”

“ಟೆನ್ಶನ್. ಮುಂದಿನ ವಾರದಿಂದ ಅಮೈನೋ, ಪಾಚಿ ಶುರು ಮಾಡ್ತೀನಿ.”

“ನಾ ಎಲಿ ತಂದ್ರ ನೀವು ನನಗ ಬೈತೀರಿ. ಬುಡಾ ಕಿತ್ಕೊಂಡು ಬಾ, ಬೇರು ನೋಡದ ಔಷಧ ಹೇಳಂಗಿಲ್ಲ ಅಂತೀರಿ. ಅಕ್ಕಾವರಿಗಿ ಬೇರು ನೋಡೀರೇನ್ರಿ?”

ಓದಿಲ್ಲದವನು, ಏನೋ ಹೇಳುತ್ತಾನೆ ಎಂದುಕೊಂಡೆ. ಅವನಿಗೆ ಬೀಜದ ಜೊತೆ ಎರಡು ಡಬ್ಬಿ ಅಮೈನೋ ಕಟ್ಟಿ ಕಳಿಸಿದೆ.

ಈ ಅಮೈನೋ-ಪಾಚಿ ಜೋಡಿಯ ಬಗ್ಗೆ ನನಗಿದ್ದ ಭಕ್ತಿಯನ್ನು ಹೇಳಬೇಕು. ಆಲಿಕಲ್ಲು ಬಿದ್ದು ಬೆಳೆ ಕಂಗಾಲಾದಾಗ, ಕಳೆನಾಶಕ ತಾಗಿ ಮುರುಟಿದಾಗ, ಅಮೈನೋ ಆಮ್ಲಕ್ಕೆ ಸಮುದ್ರದ ಪಾಚಿಯ ರಸ ಕೂಡಿಸಿ ಹೊಡೆಯುವುದು ನಮ್ಮ ವ್ಯಾಪಾರದ ಬ್ರಹ್ಮಾಸ್ತ್ರ. ಡಬ್ಬಿಯ ಮೇಲೇ “ಒತ್ತಡ ನಿವಾರಕ” ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಹೊಲದಲ್ಲಿ ಎಷ್ಟೋ ಸಲ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡವನು ನಾನು. ಹಾಗಾಗಿ ಟೈರೋಸಿನ್ ಎಂಬ ಅಮೈನೋ ಆಮ್ಲ, ಜೊತೆಗೆ ಪಾಚಿಯ ಗುಳಿಗೆ, ದಿನಕ್ಕೆರಡು ಸಲ. ಅವಳು ವಾದ ಮಾಡಲಿಲ್ಲ. ಅಷ್ಟು ಹೊತ್ತಿಗೆ ಅವಳಿಗೆ ವಾದ ಮಾಡುವಷ್ಟು ಉಸಿರಿರಲಿಲ್ಲ.

ನಡುಕ ಕೈಯಿಂದ ತುಟಿಗೆ ಬಂತು. ಕುಳಿತಲ್ಲಿ ಕುಳಿತಿರಲಾರಳು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಎದೆ ಹಿಡಿದುಕೊಂಡು ಅಳುತ್ತಿದ್ದಳು. ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುವ ರಹಿಮತ್‌ಬೀ ಒಂದು ದಿನ ಅಳತೆಯ ಟೇಪು ಕೊರಳಲ್ಲಿ ಹಾಕಿಕೊಂಡೇ ಅಂಗಡಿಗೆ ಬಂದರು.

“ಭಾಯೀಸಾಬ್, ಮೂರು ತಿಂಗಳಾಗ ಸುವರ್ಣಾನ ಕುಬಸ ಎರಡು ಸಲ ಸಣ್ಣ ಮಾಡೀನಿ. ಕೊರಳಿನ ಕಡಿ ಮಾತ್ರ ಬಿಚ್ಚಿ ದೊಡ್ಡದು ಮಾಡೀನಿ. ಎಲ್ಲಾ ಸಣ್ಣ ಆಗಿ ಕುತ್ತಿಗಿ ಒಂದೇ ಹ್ಯಾಂಗ ದಪ್ಪ ಆಗ್ತದರಿ?”

“ಅದು ಗುಳಗಿಂದ ಶಕ್ತಿ ಬಂದದ್ದು.”

“ಶಕ್ತಿ ಕುತ್ತಿಗಿಗಿ ಯಾಕ ಬರ್ತದ? ಜಲ್ದಿ ಡಾಕ್ಟರ್ ಕಡಿ ಒಯ್ರಿ. ಹೆಣ್ಣಮಕ್ಕಳ ಅಳತಿ ನನಗ ಗೊತ್ತದ.”

ಅವರು ಹೋದ ಮೇಲೆ ನನಗೂ ಸ್ವಲ್ಪ ಅಳುಕಾಯಿತು. ಆದರೆ ಪಟ್ಟಿಯಲ್ಲಿ ಇನ್ನು ಹನ್ನೊಂದು ದಿನ ಬಾಕಿಯಿತ್ತು. ಆ ಹನ್ನೊಂದು ದಿನದ ಲೆಕ್ಕವನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಆರನೆಯ ದಿನ ಮಧ್ಯಾಹ್ನ ಬುತ್ತಿ ತಂದವಳು ಅಂಗಡಿಯ ಮೆಟ್ಟಿಲು ಹತ್ತಲಾರದೆ ಗೊಬ್ಬರದ ಚೀಲದ ಮೇಲೆ ಕುಸಿದಳು. ಬೆವರಿನಿಂದ ಸೀರೆ ತೊಯ್ದಿತ್ತು. ಮಣಿಕಟ್ಟು ಹಿಡಿದು ನೋಡಿದೆ. ನಾಡಿ ಓಡುತ್ತಿತ್ತು, ನಡುವೆ ತಪ್ಪುತ್ತಿತ್ತು, ಮತ್ತೆ ಓಡುತ್ತಿತ್ತು. ಎಲೆಯಾಗಿದ್ದರೆ ಏನಾದರೂ ಹೇಳುತ್ತಿದ್ದೆ. ಗೊಬ್ಬರ ಒಯ್ಯಲು ಬಂದಿದ್ದ ಮಾಣಿಕಪ್ಪ ಏನೂ ಕೇಳದೆ ಅವಳನ್ನು ತನ್ನ ಜೀಪಿನಲ್ಲಿ ಕೂರಿಸಿದ. ಝಹೀರಾಬಾದಿನ ದಾರಿಯುದ್ದಕ್ಕೂ ಅವಳ ತಲೆ ನನ್ನ ಹೆಗಲ ಮೇಲಿತ್ತು. ಈಕೆ ಸಾಯುತ್ತಾಳೆ, ಕೊಂದವನು ನಾನು ಎಂದು ಅನಿಸಿ ನನ್ನ ಕೈಗಳೂ ನಡುಗತೊಡಗಿದವು. ಅವಳು ಅದನ್ನು ನೋಡಿ, “ಹೆದರಬ್ಯಾಡ್ರಿ,” ಎಂದಳು.

ಸುವರ್ಣಾ ಬದುಕಿದ್ದಾಳೆ. ಆರು ದಿನ ದವಾಖಾನೆಯಲ್ಲಿದ್ದಳು. ಅವಳಿಗೆ ಇದ್ದದ್ದು ಟೆನ್ಶನ್ ಅಲ್ಲ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿತ್ತು. ನಡುಕ, ಹೆದರಿಕೆ, ಹಸಿವು, ಸೆಖೆ, ಸೊರಗಿದ್ದು ಎಲ್ಲ ಅದರದೇ. ಹೃದಯ ತಾಳ ತಪ್ಪಿದ್ದು ಇನ್ನೂ ಪೂರ್ತಿ ಸರಿಹೋಗಿಲ್ಲ, ಮೆಟ್ಟಿಲು ಹತ್ತಬಾರದು ಎಂದಿದ್ದಾರೆ. ತಾಂಡೂರಿನ ಇಬ್ಬರಿಗೂ ಫೋನು ಮಾಡಿ ಪಟ್ಟಿ ಹರಿದು ಹಾಕಿರೆಂದು ಬೇಡಿಕೊಂಡೆ. ಒಬ್ಬ ಅದನ್ನು ಎಲ್ಲೋ ಕಳೆದಿದ್ದ. ಇನ್ನೊಬ್ಬನ ಹೆಂಡತಿ ಓದಿದ ದಿನವೇ ಒಲೆಗೆ ಹಾಕಿದ್ದಳಂತೆ.

ಇದನ್ನೆಲ್ಲ ಬರೆದದ್ದು ಮಾತ್ರ ಆವತ್ತು ಡಾಕ್ಟರ ಕೋಣೆಯಲ್ಲಿ ನಡೆದ ಹತ್ತು ನಿಮಿಷಗಳಿಗಾಗಿ. ಅದನ್ನು ಯಾರಿಗೂ ಹೇಳಿಲ್ಲ.

ಬೀದರ ಕಡೆಯ ಡಾಕ್ಟರಮ್ಮ ನಮ್ಮ ಊರು, ಉದ್ಯೋಗ ಕೇಳಿದರು; ಔಷಧದ ಅಂಗಡಿ ಎಂದೆ. ಸುವರ್ಣಾಳ ಕುತ್ತಿಗೆ ಮುಟ್ಟಿ, ನೀರು ನುಂಗಲು ಹೇಳಿ ನೋಡಿ, ಎದೆಬಡಿತದ ಇಸಿಜಿ ತೆಗೆಸಿ, ಏನೇನು ಔಷಧ ತಗೊಂಡಿದ್ದೀರಿ ಎಂದು ಕೇಳಿದರು. ಅವಳು ಏದುಸಿರಿನಲ್ಲೇ ಒಂದೊಂದಾಗಿ ಹೇಳಿದಳು. ಪಾಚಿಯ ಹೆಸರು ಬಂದ ಕೂಡಲೇ ಅವರು ಪೆನ್ನು ಕೆಳಗಿಟ್ಟರು.

“ಪಾಚಿಯಾಗ ಅಯೋಡಿನ್ ತುಂಬಿರ್ತದವ್ವಾ. ಮೊದಲೇ ಉರಿಯೋ ಒಲಿಗಿ ಎಣ್ಣಿ ಸುರದಂಗ ಆಗ್ಯದ. ಆ ಅಮೈನೋನೂ ಇದಕ್ಕ ಬ್ಯಾಡಾಗಿತ್ತು. ಇನ್ನೊಂದು ವಾರ ತಗೊಂಡಿದ್ರ ನೀ ಇಲ್ಲಿ ಬಂದು ಕುಂದರ್ತಿದ್ದಿಲ್ಲ. ಯಾರು ಹೇಳಿದ್ರು ನಿನಗ ಇದು?”

ನನ್ನ ಕೈ ಜೇಬಿನ ಮೇಲಿತ್ತು. ಪಟ್ಟಿ ಒಳಗಿತ್ತು, ನನ್ನದೇ ಅಕ್ಷರದಲ್ಲಿ. ತೆಗೆದು ತೋರಿಸಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಅದೇ ಮೊದಲು.

“ಯಾರೂ ಹೇಳಿಲ್ಲರಿ,” ಎಂದಳು ಸುವರ್ಣಾ. “ನಾನೇ ಫೋನ್‌ನ್ಯಾಗ ನೋಡಿ ತರಿಸ್ಕೊಂಡೆ.”

“ಮನ್ಯಾಗ ಓದಿದ ಗಂಡ ಇದ್ದಾರ. ಔಷಧದ ಅಂಗಡಿ ಅಂತೀರಿ. ಅವರಿಗಿ ಒಂದ್ ಮಾತ್ ಕೇಳಬಾರದಾ?”

“ತಪ್ಪಾತರಿ. ಕೇಳಬೇಕಾಗಿತ್ತು.”

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. “ಈಕಿಗಿ ಗೊತ್ತಾಗಂಗಿಲ್ಲ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳ್ರಿ.”

“ಹೇಳ್ತೀನ್ರಿ,” ಎಂದೆ.