ಮಕ್ಕಳು ಬದನೆ ಗಿಡದ ಚಿಗುರು ತೆಗೆದದ್ದು

“ಕುದುರೆಮುಖದ ಬಂಗಲೆಗಳ ಮುಂದಿನ ಹೂದೋಟ ಏನು ಮಹಾ! ನಮ್ಮ ಮಕ್ಕಳ ತೋಟ ನೋಡೋದಕ್ಕೆ ಅಲ್ಲಿನ ಸಾಹೇಬ್ರೇ ಜೀಪು ಮಾಡ್ಕೊಂಡು ಬರ್ಬೇಕು, ನೋಡ್ತಿರಿ!”

ಹೀಗೆ ಘೋಷಿಸಿದವರು ಕಳಸದ ಬಳಿಯ ಒಂದು ಅಂಗನವಾಡಿಯ ಸಹಾಯಕಿ ದೇವೀರಮ್ಮ. ಕೇಳಿಸಿಕೊಂಡವರು ಟೀಚರ್ ವಿಮಲಮ್ಮ.

“ಮೊದ್ಲು ಬೀನ್ಸ್ ಹುಟ್ಲಿ ದೇವೀರಮ್ಮ. ಸಾಹೇಬ್ರು ಆಮೇಲೆ ಬರ್ಲಿ.”

ವಿಷಯ ಸಣ್ಣದಲ್ಲ. ತೋಟಕ್ಕೆಂದುಕೊಂಡ ಅಂಗಳದ ತುಂಡು ಜಾಗದಲ್ಲಿ ಸೌದೆ ಶೆಡ್ ಹಾಕಿಸಬೇಕೆಂದು ಸೂಪರ್‌ವೈಸರ್ ರಶ್ಮಿ ಮೇಡಂ ಹಟ ಹಿಡಿದಿದ್ದರು. ಮಕ್ಕಳಿಗೆ ಗಿಡ ಬೆಳೆಸುವುದನ್ನು ಕಲಿಸುತ್ತೇನೆಂದು ದೇವೀರಮ್ಮ ಅಡ್ಡ ನಿಂತರು.

“ಸರಿ, ದೀಪಾವಳಿ ಹೊತ್ತಿಗೆ ಬರ್ತೀನಿ. ಹಸಿರು ಕಾಣದಿದ್ರೆ ಶೆಡ್ಡೇ!” ಎಂದು ಹೇಳಿ ಮೇಡಂ ಹೋದರು.

ಹಸಿರು ಕಂಡಿತು! ಮಳೆ ಹಿಂದೆ ಸರಿಯುತ್ತಲೇ ಬದನೆ, ಬೀನ್ಸ್, ಟೊಮೆಟೊ ಸೈನ್ಯದಂತೆ ಎದ್ದು ನಿಂತವು. ಪ್ರತಿ ಮಗುವಿಗೂ ತನ್ನದೇ ಒಂದು ಗಿಡ. ವರ್ಷಿಣಿ ತನ್ನ ಬದನೆ ಗಿಡಕ್ಕೆ ಉಪ್ಪಿಟ್ಟು ತಿನ್ನಿಸಲು ಹೊರಟಾಗ ಮಾತ್ರ ತಡೆಯಬೇಕಾಯಿತು.

ಮೇಡಂ ಬರುವ ದಿನ ದೇವೀರಮ್ಮ ಉಪ್ಪಿಟ್ಟಿಗೆ ಒಲೆಯ ಮೇಲೆ ನೀರಿಟ್ಟು, ಬಾಗಿಲಲ್ಲಿ ನಿಂತು ರಾಜಾಜ್ಞೆ ಹೊರಡಿಸಿದರು: “ನಿಮ್ಮಮ್ಮಂದಿರು ಎಸ್ಟೇಟಲ್ಲಿ ಕಾಫಿ ಗಿಡ ಹೇಗೆ ನೋಡ್ಕೊಳ್ತಾರೋ, ನಿಮ್ಮ ಗಿಡಾನೂ ಹಾಗೇ ನೋಡ್ಕೊಳ್ಳಿ!”

ಕಾಫಿ ಸೀಮೆಯ ಮಕ್ಕಳಿಗೆ ಇಂಥ ಮಾತು ಹೇಳಬಾರದು. ಅದೂ ಎಸ್ಟೇಟಿನಲ್ಲಿ ಕಾಫಿ ಗಿಡದ ಬೇಡದ ಚಿಗುರು ತೆಗೆಯುವ ಕಾಲದಲ್ಲಿ!

ಉಪ್ಪಿಟ್ಟು ಇಳಿಸಿ ಹೊರಗೆ ಬಂದರೆ ತೋಟವೇ ಇಲ್ಲ! ಬುಡದಲ್ಲಿ ಎರಡೆರಡು ಎಲೆ ಉಳಿಸಿಕೊಂಡ ಕಡ್ಡಿಗಳಿವೆ. ಸಾಲಿಗೊಬ್ಬರಂತೆ ಪುಟಾಣಿ ಆಳುಗಳಿದ್ದಾರೆ. ಅವರ ಮಡಿಲಲ್ಲಿ ಚಿಗುರಿನ ರಾಶಿ!

“ಅಯ್ಯೋ ಮಾರಾಯ್ರಾ, ಏನು ಮಾಡಿದ್ರಿ?”

“ನೆಟ್ಟಗೆ ಏಳೋ ಕಂಬಚಿಗುರು ತೆಗೆದ್ವಿ ಅಜ್ಜಿ,” ಎಂದ ಯಶವಂತ, ಎದೆಯುಬ್ಬಿಸಿ. “ಬಿಟ್ರೆ ಗಿಡದ ಶಕ್ತಿಯೆಲ್ಲ ಅದೇ ತಿನ್ನುತ್ತೆ ಅಂತಾಳೆ ಅಮ್ಮ.”

“ಅದು ಕಾಫಿಗೆ ಕಣೋ! ಬದನೆಗಲ್ಲ!”

“ಮತ್ತೆ ಹಾಗೇ ನೋಡ್ಕೊಳ್ಳಿ ಅಂದೋರು ಯಾರು?” ವರ್ಷಿಣಿ ಸೊಂಟಕ್ಕೆ ಕೈಯಿಟ್ಟಳು.

ಅಷ್ಟರಲ್ಲಿ ಮೇಡಂ ಜೀಪು ಬಂತು!

ದೇವೀರಮ್ಮನವರದು ಸಣ್ಣ ಆಕಾರವಲ್ಲ. ಸೆರಗು ಹರಡಿಕೊಂಡು ಪಾತಿಯ ಮುಂದೆ ಕೋಟೆಯಂತೆ ನಿಂತರು.

“ಮೊದ್ಲು ಉಪ್ಪಿಟ್ಟು ತಿನ್ನಿ ಮೇಡಂ, ಆರಿಹೋಗುತ್ತೆ.”

“ಇರ್ಲಿ. ತೋಟ ಎಲ್ಲಿ?”

“ಇಲ್ಲಿ! ಇಲ್ಲಿ!” ಕೋಟೆಯ ಹಿಂದಿನಿಂದಲೇ ಕೂಗು ಎದ್ದಿತು. ಮಕ್ಕಳು ಮೇಡಂ ಅವರ ಕೈ ಹಿಡಿದು ಎಳೆದೊಯ್ದರು.

“ಹೀಗೆ ಬುಡ ಹಿಡೀಬೇಕು. ಹೀಗೆ ಚಿವುಟಬೇಕು. ತೊಗಟೆ ಹರೀಬಾರ್ದು,” ವರ್ಷಿಣಿ ಪಾಠ ಮಾಡಿದಳು.

ಮೇಡಂ ಕಡ್ಡಿಯಿಂದ ಕಡ್ಡಿಗೆ ಬಗ್ಗಿ ನೋಡಿದರು. ಒಂದರಲ್ಲೂ ಗಾಯವಿಲ್ಲ!

“ಗಿಡಕ್ಕೇನಾಗಿಲ್ಲ, ಕವಲೊಡೆಯುತ್ತೆ,” ಮೇಡಂ ಸೆರಗು ಬಾಯಿಗಿಟ್ಟು ನಕ್ಕರು. “ಶೆಡ್ ಹಿತ್ತಲಲ್ಲಿ ಹಾಕ್ಸೋಣ ಬಿಡಿ. ಇಷ್ಟು ನಾಜೂಕಿನ ಕೆಲಸಗಾರರನ್ನ ಓಡಿಸೋಕಾಗುತ್ತಾ?”

ದೇವೀರಮ್ಮನ ಎದೆ ಮೇರ್ತಿ ಗುಡ್ಡದಷ್ಟು ಉಬ್ಬಿತು! ಪಾತಿಯ ನಡುವೆ ಹೋಗಿ ನಿಂತು, ಕೈಯೆತ್ತಿ ಭಾಷಣ ಶುರುಮಾಡಿದರು: “ಎಲ್ಲಾ ನನ್ನದೇ ತರಬೇತಿ ಮೇಡಂ! ಇವರ ಕೈಯನ್ನ ನಾನು ಹೇಗೆ ಪಳಗಿಸಿದೆ ಅಂದ್ರೆ...”

ಯಶವಂತ ಸೀರೆ ಜಗ್ಗಿದ.

“ಅಜ್ಜೀ, ಆಚೆ ಹೋಗಿ. ಗಿಡಕ್ಕೆ ನೆರಳು ಜಾಸ್ತಿ ಆಯ್ತು. ನಮ್ಮ ಎಸ್ಟೇಟ್ ಮೇಸ್ತ್ರಿ ನೋಡಿದ್ರೆ ನೆರಳಿನ ಮರದ ಹಾಗೆ ನಿಮ್ಮನ್ನೂ ಕಡಿಸಿಬಿಡ್ತಾರೆ!”