ಮಗಳಿಗೆ ಶೇಕಡ ಐದು

ಊರಿಗೆಲ್ಲ ಮಳೆ ಹೇಳುವ ತಾನು ಸ್ವಂತ ಮಗಳ ಕಾಲೇಜು ಸೀಟು ಹೇಳಲಾರೆನೇ? ಹವಾಮಾನ ಕಚೇರಿಯ ಹಿರಿಯ ಮುನ್ಸೂಚಕರಾದ ಮೋಡಪ್ಪನವರು ಭಾನುವಾರ ಬೆಳಿಗ್ಗೆ ಹೀಗೆಂದು ಎದೆಯುಬ್ಬಿಸಿ ಸಾರಿದಾಗ ಹೆಂಡತಿಯ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಆಕೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವಾಕೆ. ಪಕ್ಕದಲ್ಲಿ ಕೂತವರು ಗೋಡೆಯ ಕಡೆ ನುಗ್ಗಿದರೆ ಬ್ರೇಕು ತುಳಿಯುವುದು ಆಕೆಯ ಉದ್ಯೋಗ. ಮನೆಯಲ್ಲಿ ಬ್ರೇಕಿಲ್ಲ ಎಂಬುದು ಕಾಲಿಗೆ ಎಷ್ಟು ಹೇಳಿದರೂ ತಿಳಿಯುತ್ತಿರಲಿಲ್ಲ.

ಮೋಡಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅವರ ಮುನ್ಸೂಚನೆಯ ಮೇಲೆ ಬೀದಿಗೆ ಅಪಾರ ನಂಬಿಕೆ. ಅವರು ಮಳೆ ಎಂದ ದಿನ ಎಲ್ಲರೂ ಧೈರ್ಯವಾಗಿ ಬಟ್ಟೆ ಒಣಹಾಕುತ್ತಿದ್ದರು, ಬಿಸಿಲು ಎಂದರೆ ಕೊಡೆ ಹುಡುಕುತ್ತಿದ್ದರು. ಎದುರಿನ ಲಾಂಡ್ರಿಯವನಂತೂ ದಿನಾ "ಸಾರ್, ಇವತ್ತು ಹೇಗೆ?" ಎಂದು ವಿನಯವಾಗಿ ಕೇಳಿ, ಅವರು ಹೇಳಿದ್ದಕ್ಕೆ ತದ್ವಿರುದ್ಧ ಮಾಡಿಯೇ ವ್ಯಾಪಾರ ಕುದುರಿಸಿಕೊಂಡಿದ್ದ. ಇಂಥ ಜನಕ್ಕೆ ವಿಜ್ಞಾನ ತಿಳಿಸುವವರು ಯಾರು? ಅವರು ಹೇಳಿದ ಮಳೆ ಬಂದೇ ಬರುತ್ತಿತ್ತು. ಅದು ಪಕ್ಕದ ಬಡಾವಣೆಯಲ್ಲಿ ಬಿದ್ದಿದ್ದರೆ ತಪ್ಪು ಮಳೆಯದು, ಮೋಡಪ್ಪನವರದಲ್ಲ.

ಮಗಳು ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬರೆದಿದ್ದಳು. ಅಂಕಗಳು ಚೆನ್ನಾಗಿಯೇ ಬಂದಿದ್ದವು, ಆದರೆ ಅವಳಿಗಿಂತ ಹೆಚ್ಚು ತೆಗೆದವರೂ ಬೇಕಾದಷ್ಟಿದ್ದರು. ಆಯ್ಕೆಗೆ ಮೂರೇ ಕಾಲೇಜು ಬರೆಯಬಹುದು. ಮೂರೂ ಕೈಕೊಟ್ಟರೆ ಒಂದು ವರ್ಷ ಮನೆಯಲ್ಲೇ ಕೂರಬೇಕು. ಅವಳ ಮನಸ್ಸು ನೆಟ್ಟಿದ್ದು ಮಾತ್ರ ಒಂದರ ಮೇಲೆ, ಅವರ ತಾರಸಿಯಿಂದಲೇ ಕಾಣುವ, ಎಲ್ಲಕ್ಕಿಂತ ಕಷ್ಟದ ಕಾಲೇಜು. ಅಲ್ಲಿ ವಿಮಾನದ ರೆಕ್ಕೆಗಳ ಮೇಲೆ ಗಾಳಿ ಬೀಸಿ ಪರೀಕ್ಷಿಸುವ ದೊಡ್ಡ ಸುರಂಗವೊಂದಿತ್ತು. ಅದನ್ನು ಚಾಲೂ ಮಾಡಿದಾಗ ಏಳುವ ಗುಂಯ್ ಎಂಬ ಸದ್ದು ಅವಳ ಮಹಡಿ ಕೋಣೆಗೆ ಕೇಳುತ್ತಿತ್ತು. ಚಿಕ್ಕಂದಿನಿಂದ ಅದನ್ನು ಕೇಳಿಕೊಂಡೇ ಬೆಳೆದವಳು.

ಮೋಡಪ್ಪ ಊಟದ ಮೇಜಿನ ತುಂಬ ನಕ್ಷೆ ಹರಡಿದರು. ಪ್ರತಿ ಕಾಲೇಜಿನ ಸುತ್ತ ಒತ್ತಡದ ಗೆರೆಗಳು, ಪೈಪೋಟಿ ಬೀಸುವ ದಿಕ್ಕಿಗೆ ಕೆಂಪು ಬಾಣಗಳು, ಕಳೆದ ವರ್ಷಗಳ ಅಂಕಗಳಿಗೆ ಮೋಡದ ಗುರುತುಗಳು. ಆ ದಿನ ತಾಯಿ ಮಗಳು ಮೆಟ್ಟಿಲ ಮೇಲೆ ಕೂತು ಉಂಡರು. ಸಂಜೆ ತೀರ್ಪು ಹೊರಬಿತ್ತು.

"ಎರಡನೇ ಕಾಲೇಜು, ದೂರದ್ದು, ಶೇಕಡ ತೊಂಬತ್ತು. ಹಾಸ್ಟೆಲ್ ಚೆನ್ನಾಗಿದೆ, ಹವೆ ಒಳ್ಳೇದು."

"ನನ್ನ ಕಾಲೇಜು?" ಎಂದಳು ಮಗಳು.

"ಶೇಕಡ ಐದು."

ಮಗಳ ಮುಖ ಅರಳಿತು. "ಐದೇ ತಾನೇ? ಆಮೇಲೆ ಜಾಸ್ತಿ ಮಾಡಲ್ವಲ್ಲ? ಅಪ್ಪಾ, ಅದನ್ನೂ ತೆಗೆದು ಸೊನ್ನೆ ಮಾಡಿಬಿಡಿ. ಖಂಡಿತ ಸಿಗಲ್ಲ ಅಂತ ಒಂದೇ ಒಂದು ಸಲ ಬಾಯ್ತುಂಬ ಹೇಳಿಬಿಡಿ."

ಮೋಡಪ್ಪನವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಿವಿ ಕೆಂಪಾದವು.

"ಮುನ್ಸೂಚನೆಯನ್ನ ಯಾರ ಆಸೆಗೂ ಬಗ್ಗಿಸೋಕಾಗಲ್ಲ, ತಿಳ್ಕೋ. ಐದು ಅಂದ್ರೆ ಐದು."

"ಆಸೆ ಮಾತು ನೀವಾಡಬೇಡಿ," ಎಂದಳು ಹೆಂಡತಿ. "ಅವಳು ದೂರ ಹೋದ್ರೆ ಮಹಡಿ ಕೋಣೆ ಯಾರಿಗೆ ಸಿಗುತ್ತೆ ಅಂತ ನಂಗೆ ಗೊತ್ತಿಲ್ವಾ?"

ಕಚೇರಿಯವರು ಬಿಸಾಡಿದ್ದ ಗಾಳಿ ಅಳೆಯುವ ಹಳೇ ಯಂತ್ರವೊಂದು ಮೋಡಪ್ಪನವರ ಮಂಚದಡಿ ವರ್ಷಗಟ್ಟಲೆಯಿಂದ ಬಿದ್ದಿತ್ತು. ಅದನ್ನು ನಿಲ್ಲಿಸಲು ಬೀದಿಯಲ್ಲೇ ಎತ್ತರವಾದ ಜಾಗ ಆ ಕೋಣೆ. ಅವರು ಕೆಮ್ಮಿದರು. ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆಂದರು.

"ಸರಿ ಬಿಡಿ," ಎಂದು ಮಗಳು ಎದ್ದಳು. "ಮೊದಲನೇ ಜಾಗದಲ್ಲಿ ನಾನು ಬರೆಯೋದು ಅದನ್ನೇ."

"ಬರಿ. ಕೊಡೆ ಇಲ್ಲದೆ ಹೊರಡೋರನ್ನ ತಡೆಯೋ ಅಧಿಕಾರ ನಮ್ಮ ಇಲಾಖೆಗಿಲ್ಲ."

ಅವಳು ಬರೆದಳು. ಮೋಡಪ್ಪನವರೂ ಹಟಕ್ಕೆ ಬಿದ್ದರು. ತೊಂಬತ್ತು ಎಂದಮೇಲೆ ತೊಂಬತ್ತು, ಫಲಿತಾಂಶಕ್ಕೆ ಕಾಯುವುದೆಂದರೆ ತಮ್ಮನ್ನು ತಾವೇ ಅವಮಾನಿಸಿದಂತೆ. ಅವರು ಗಾರೆಯವನನ್ನು ಕರೆತಂದರು. ಹೆಂಡತಿ ಕೆಲಸದಿಂದ ಬರುವಷ್ಟರಲ್ಲಿ ಮಹಡಿ ಕೋಣೆಯ ಸೂರಿನ ಶೀಟುಗಳು ಒಂದೊಂದಾಗಿ ಕೆಳಗಿಳಿದಿದ್ದವು, ಅಷ್ಟು ಮಾತ್ರವಲ್ಲ, "ಇನ್ನು ನಮಗೆ ಬೇಡಪ್ಪ, ತಗೊಂಡು ಹೋಗು" ಎಂಬ ಔದಾರ್ಯದಿಂದ ಗಾಡಿ ಹತ್ತಿ ಹೋಗಿಯೂ ಇದ್ದವು. ಕೋಣೆಯ ನಡುವೆ ಕಂಬ, ಕಂಬದ ತುದಿಯಲ್ಲಿ ಯಂತ್ರ, ಅದರ ಗಾಳಿ ಹಿಡಿಯುವ ಮೂರು ಬಟ್ಟಲುಗಳು ತೆರೆದ ಆಕಾಶದಲ್ಲಿ ಗಿರಗಿರ ತಿರುಗುತ್ತಿದ್ದವು. ಹೆಂಡತಿ ಬಾಗಿಲಲ್ಲೇ ನಿಂತು ಎರಡೂ ಕಾಲಲ್ಲಿ ನೆಲ ಒತ್ತಿದಳು.

"ರೀ, ನಿಮಗೇನು ಬುದ್ಧಿಗಿದ್ಧಿ ಇದೆಯಾ? ಮಗು ಎಲ್ಲಿ ಮಲಗಬೇಕು?"

"ನಾಲ್ಕು ದಿನ ಹಾಲ್‌ನಲ್ಲಿ. ಆಮೇಲೆ ಹಾಸ್ಟೆಲ್ಲು."

ಮಗಳು ತನ್ನ ಮೇಜು, ಬೀರು, ಪುಸ್ತಕಗಳೊಂದಿಗೆ ಹಾಲ್ ತುಂಬಿದಳು. ಜಗಳವಾಡಲಿಲ್ಲ. ಫಲಿತಾಂಶದ ಹಿಂದಿನ ದಿನ ಮಾತ್ರ ಶೂ ಹಾಕಿಕೊಳ್ಳುತ್ತಿದ್ದ ಅಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು.

"ತಮಾಷೆ ಬಿಟ್ಟು ಹೇಳಿ ಅಪ್ಪಾ. ನಂಗೆ ಸಿಗಲ್ವಾ?"

ಮೋಡಪ್ಪನವರು ಕಟ್ಟುತ್ತಿದ್ದ ಲೇಸು ಬಿಟ್ಟು ಮಗಳ ಮುಖ ನೋಡಿದರು. ಸಿಗುತ್ತೆ ಕಣೇ ಎನ್ನಬೇಕೆನಿಸಿತು. ಆದರೆ ತಾವು ಹಾಗೆಂದರೆ ಏನಾಗಬಹುದೆಂಬ ಭಯ ಮೊದಲ ಬಾರಿಗೆ ಅವರಿಗೇ ಹುಟ್ಟಿತು. ಲೇಸು ಬಿಗಿದುಕೊಂಡು, "ಲೆಕ್ಕ ಲೆಕ್ಕವೇ," ಎಂದು ಹೊರಟುಬಿಟ್ಟರು.

ಮರುದಿನ ಫಲಿತಾಂಶ ಬಂತು. ಮೊದಲನೇ ಆಯ್ಕೆಯೇ! ಮಗಳು ಅಮ್ಮನನ್ನು ತಬ್ಬಿಕೊಂಡು ಅತ್ತಳು. ಮೋಡಪ್ಪನವರ ಕಣ್ಣೂ ಒದ್ದೆಯಾದವು. ಅವರಿಗೆ ನಿಜಕ್ಕೂ ಹಿಗ್ಗೋ ಹಿಗ್ಗು. ಆದರೆ ಬಾಯಿ ಸುಮ್ಮನಿರಬೇಕಲ್ಲ.

"ನೋಡಿದ್ಯಾ? ಐದು ಅಂದಿದ್ದೆ, ಸೊನ್ನೆ ಅಂದಿರಲಿಲ್ಲ. ನನ್ನ ಐದರಲ್ಲೇ ನಿಂಗೆ ಸೀಟು ಸಿಕ್ಕಿದ್ದು."

"ಹಾಸ್ಟೆಲ್ಲು?" ಎಂದಳು ಹೆಂಡತಿ.

"ಇದೇ ಊರಿನವರಿಗೆ ಕೊಡಲ್ವಂತೆ ಅಮ್ಮಾ," ಎಂದಳು ಮಗಳು ಕಣ್ಣೊರೆಸಿಕೊಳ್ಳುತ್ತ.

ಮೂವರೂ ಮೆಲ್ಲಗೆ ತಲೆಯೆತ್ತಿ ಮಹಡಿಯ ಕಡೆ ನೋಡಿದರು. ಮೋಡಪ್ಪ ಗಾರೆಯವನಿಗೆ ಫೋನು ಮಾಡಿದರು. ಶೀಟುಗಳು ಯಾರದೋ ಗ್ಯಾರೇಜಿನ ಮೇಲೆ ಕೂತಾಗಿತ್ತು. ಅವನ ಕೈಗೆ ಬಿಡುವು ಮುಂದಿನ ತಿಂಗಳೇ.

ಹೆಂಡತಿ ಸ್ಟಿಯರಿಂಗ್ ತನ್ನ ಕೈಗೆ ತಗೊಂಡಳು. "ಓದೋ ಮಗು ನನ್ನ ಜೊತೆ ನಮ್ಮ ರೂಮಲ್ಲಿ ಮಲಗಲಿ. ಹಾಲ್‌ನಲ್ಲಿ ಅವಳ ಸಾಮಾನಿದೆ. ಮಹಡಿ ಕೋಣೆ ನಿಮ್ದು. ಇಷ್ಟು ವರ್ಷ ಅದೇ ತಾನೇ ಬೇಕು ಅಂತಿದ್ದಿದ್ದು?"

"ಮಳೆ ಬಂದ್ರೆ?"

"ನೀವೇ ಹೇಳ್ಬೇಕು. ಇಲಾಖೆ ನಿಮ್ದು."

ಅಂದು ಸಂಜೆ ಮೋಡಪ್ಪ ಹಾಸಿಗೆ ಹೊತ್ತು ಮೇಲೆ ಹೋದರು. ಕಾಲೇಜಿನ ಕಡೆಯಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು. ಮೂರು ಬಟ್ಟಲುಗಳು ಸುತ್ತುತ್ತಿದ್ದವು. ಅವುಗಳ ಮೇಲೆ, ಸರಿಯಾಗಿ ದಿಂಬಿನ ನೇರಕ್ಕೆ, ಕಪ್ಪನೆಯ ಮೋಡಗಳು ಒಟ್ಟಾಗುತ್ತಿದ್ದವು. ಮಗಳು ಮೆಟ್ಟಿಲಲ್ಲಿ ಕೊಡೆ ಹಿಡಿದು ನಿಂತಿದ್ದಳು. ಕೆಳಗೆ ರಸ್ತೆಯಲ್ಲಿ ಲಾಂಡ್ರಿಯವನು ಒದ್ದೆ ಬೆಡ್‌ಶೀಟುಗಳ ಬುಟ್ಟಿ ಹೊತ್ತು ಕತ್ತೆತ್ತಿದ.

"ಸಾರ್, ರಾತ್ರಿಗೆ ಹೇಗೆ?"

ಮೋಡಪ್ಪ ಮೋಡ ನೋಡಿದರು. ಹಾಸಿಗೆ ನೋಡಿದರು. ಮಗಳ ಮುಖ ನೋಡಲು ಧೈರ್ಯವಾಗಲಿಲ್ಲ. ಗಂಟಲು ಸರಿಪಡಿಸಿಕೊಂಡು, ಇಡೀ ಬೀದಿಗೆ ಕೇಳುವಂತೆ ಕೂಗಿದರು.

"ಮಳೆ ಗ್ಯಾರಂಟಿ ಕಣಯ್ಯಾ. ಶೇಕಡ ನೂರು. ಬೆಳಗಿನವರೆಗೂ ಬಿಡೋದೇ ಇಲ್ಲ."

ಲಾಂಡ್ರಿಯವನು ಸಿಳ್ಳೆ ಹಾಕುತ್ತ ಬೆಡ್‌ಶೀಟು ಹರವತೊಡಗಿದ. ಮೋಡಪ್ಪ ಮಗಳ ಕೈಯಲ್ಲಿದ್ದ ಕೊಡೆಯನ್ನು ಬೇಡವೆಂದು ವಾಪಸು ಕಳಿಸಿ, ನೆಮ್ಮದಿಯಿಂದ ಮೈಚಾಚಿದರು.